ಅರವತ್ತೆರಡನೇ ಹಾಡು

ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಅಕ್ಕೋರು ನಿವೃತ್ತರಾದ ಮೇಲೆ ಶಿರಾಲಿಯ ಮನೆಯಲ್ಲಿ ಕೂತು, ಹಳ್ಳಿಯ ಹೆಂಗಸರು ನಾಟಿ ಮಾಡುವಾಗ ಹೇಳುವ ಹಾಡುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದರು. ಒಂದು ಹಾಡಿಗೆ ಒಂದು ಫೈಲು. ಎಲ್ಲವೂ ಹಳೆಯ ಫಾಂಟಿನಲ್ಲಿದ್ದವು. ಬೇರೆಲ್ಲಿ ತೆರೆದರೂ ಅಕ್ಷರಗಳು ಅರ್ಥವಿಲ್ಲದ ಗೆರೆಗಳಾಗುತ್ತಿದ್ದವು. ನಾನು ಕುಮಟಾದಲ್ಲಿ ಕಂಪ್ಯೂಟರ್ ಕಲಿಸುತ್ತೇನೆಂದು ಅವರಿಗೆ ಗೊತ್ತಿತ್ತು. ಒಂದು ಭಾನುವಾರ ಕರೆಸಿಕೊಂಡರು.

ನಾನೊಂದು ಸ್ಕ್ರಿಪ್ಟ್ ಬರೆದೆ. ಪುಟ ಜೋಡಿಸುವ ಪ್ರೋಗ್ರಾಮನ್ನು ತೆರೆ, ಹಾಡಿನ ಫೈಲು ತೆರೆ, ಅಕ್ಷರ ಬದಲಿಸು, ಉಳಿಸು, ಮುಚ್ಚು, ಮುಂದಿನದಕ್ಕೆ ಹೋಗು. ಮನುಷ್ಯ ಮುಟ್ಟಬೇಕಾಗಿಲ್ಲ. ಓಡಿಸಿದ ಕೂಡಲೇ ನಿಂತಿತು. ಪ್ರೋಗ್ರಾಮು ಪೂರ್ತಿ ತೆರೆದುಕೊಳ್ಳುವ ಮೊದಲೇ ಸ್ಕ್ರಿಪ್ಟ್ ಅದಕ್ಕೆ ಕೆಲಸ ಹೇಳಿತ್ತು.

"ಅದು ಮೊದ್ಲು ಏಳ್ಲಿ ತಮಾ. ಗಡಿಬಿಡಿ ಎಂತಕ್ಕೆ?" ಎಂದರು ಅಕ್ಕೋರು.

ಇಪ್ಪತ್ತು ಸೆಕೆಂಡು ಕಾಯುವಂತೆ ಒಂದು ಸಾಲು ಸೇರಿಸಿದೆ. ಈಗ ಚೆನ್ನಾಗಿ ಓಡಿತು. ಅರವತ್ತೆರಡನೇ ಹಾಡಿಗೆ ಬಂದು ನಿಂತಿತು. 'ಪ್ರೋಗ್ರಾಮಿನಿಂದ ಉತ್ತರವಿಲ್ಲ' ಎಂದಷ್ಟೇ ಸಂದೇಶ ಬಂತು.

ಫೈಲಿನ ಹೆಸರು ಉದ್ದವಾಯಿತೆಂದುಕೊಂಡು ಗಿಡ್ಡ ಮಾಡಿದೆ. ನಿಂತಿತು. ಅರವತ್ತೊಂದು ಫೈಲು ತೆರೆದು ಕಂಪ್ಯೂಟರ್ ದಣಿದಿರಬಹುದೆಂದು ಅದೊಂದನ್ನೇ ಮೊದಲಿಗಿಟ್ಟು ಓಡಿಸಿದೆ. ಮೊದಲನೆಯದರಲ್ಲೇ ನಿಂತಿತು. ಎರಡು ಲೋಟ ಚಹ ಮುಗಿಯಿತು. ಅಕ್ಕೋರು ನನ್ನ ಹಿಂದೆ ಕುರ್ಚಿ ಹಾಕಿಕೊಂಡು, ಹತ್ತನೇ ಕ್ಲಾಸಿನಲ್ಲಿ ನನ್ನ ಉತ್ತರಪತ್ರಿಕೆ ನೋಡಿದ ಹಾಗೆಯೇ ನೋಡುತ್ತಿದ್ದರು.

ಕಡೆಗೆ ನನ್ನ ತಪ್ಪು ನನಗೇ ಹೊಳೆಯಿತು. ಬೇಗ ಮುಗಿಯಲೆಂದು, ಪ್ರೋಗ್ರಾಮಿನ ಕಿಟಕಿ ಪರದೆಯ ಮೇಲೆ ಕಾಣದಂತೆ ಸ್ಕ್ರಿಪ್ಟಿನಲ್ಲಿ ಬರೆದಿದ್ದೆ. ಆ ಸಾಲು ತೆಗೆದು ಮತ್ತೆ ಓಡಿಸಿದೆ. ಪರದೆಯ ನಡುವೆ ಸಣ್ಣದೊಂದು ಚೌಕ ನಿಂತಿತ್ತು. ಪಾಸ್‌ವರ್ಡ್ ಕೇಳುತ್ತಿತ್ತು. ಬೆಳಿಗ್ಗೆಯಿಂದಲೂ ಅದನ್ನೇ ಕೇಳುತ್ತಿತ್ತು. ನಾನು ಕಾಣದಂತೆ ಮಾಡಿದ್ದೆ.

ಅಕ್ಕೋರು ಕುರ್ಚಿಯನ್ನು ಮುಂದಕ್ಕೆಳೆದು ಆ ಚೌಕವನ್ನು ನೋಡಿದರು. ಆಮೇಲೆ, "ಅದು ನಾನೇ ಹಾಕಿದ್ದು" ಎಂದರು.

ಸಂತೆಗುಳಿಯಲ್ಲಿ ತರಕಾರಿ ಬೆಳೆಯುವ ಹೆಂಗಸೊಬ್ಬಳು ಅವರಿಗೆ ಮೂವತ್ತು ಹಾಡು ಹೇಳಿದ್ದಳು. ಅದರಲ್ಲೊಂದು ಅವಳು ಯಾರಿಂದಲೂ ಕಲಿತದ್ದಲ್ಲ. ಜ್ವರದಲ್ಲಿ ಹೋದ ಮಗಳ ಮೇಲೆ ತಾನೇ ಕಟ್ಟಿಕೊಂಡದ್ದು. ಬರೆದಿಡಿ, ಆದರೆ ತಾನು ಇರುವವರೆಗೆ ಯಾರೂ ಓದಬಾರದು ಎಂದು ಭಾಷೆ ತೆಗೆದುಕೊಂಡಿದ್ದಳು.

"ಈಗ ಇದ್ದಾಳಾ?"

"ಇದ್ದಾಳಲ್ಲ. ಮೊನ್ನೆ ಬಸಳೆ ಕಳ್ಸಿದ್ಲು."

"ಪಾಸ್‌ವರ್ಡ್ ಎಂತದು?"

"ಅದೇ ನೆನಪಿಲ್ಲೆ ತಮಾ."

ಬೀಗ ಇರುವ ಫೈಲನ್ನು ಬಿಟ್ಟು ಮುಂದೆ ಹೋಗು ಎಂದು ಒಂದು ಸಾಲು ಬರೆದೆ. ಮಧ್ಯಾಹ್ನದ ಊಟದೊಳಗೆ ಉಳಿದದ್ದೆಲ್ಲ ಮುಗಿಯಿತು. ಅಕ್ಕೋರಿಗೆ ಮಾತ್ರ ಊಟ ಸೇರಲಿಲ್ಲ. ಆ ಹಾಡಿಗೆ ಬೇರೆ ಪ್ರತಿ ಇರಲಿಲ್ಲ. ತನ್ನ ಹಾಡನ್ನು ನಂಬಿ ಕೊಟ್ಟವಳಿಗೆ ಕಳೆದುಹೋಯಿತೆಂದು ಫೋನಿನಲ್ಲಿ ಹೇಳುವುದು ಸರಿಯಲ್ಲ ಎಂದರು. ಮುಂದಿನ ಭಾನುವಾರ ಅವರನ್ನು ಕರೆದೊಯ್ಯಲು ಮತ್ತೆ ಶಿರಾಲಿಗೆ ಬಂದೆ. ಹೊನ್ನಾವರದಲ್ಲೊಮ್ಮೆ, ಕುಮಟಾದಲ್ಲೊಮ್ಮೆ ಬಸ್ಸು ಬದಲಿಸಿ ಇಬ್ಬರೂ ಸಂತೆಗುಳಿಗೆ ಹೋದೆವು. ತಪ್ಪಿನಲ್ಲಿ ನನ್ನ ಪಾಲು ಇರಲಿಲ್ಲ. ಆದರೂ ದಾರಿಯುದ್ದಕ್ಕೂ ನನಗೇ ಬೈಗುಳ ಕಾದಿದೆ ಎನ್ನಿಸುತ್ತಿತ್ತು.

ಆ ಹೆಂಗಸು ಬದನೆ ಸಾಲಿನಲ್ಲಿ ಕಳೆ ಕೀಳುತ್ತಿದ್ದಳು. ಅಕ್ಕೋರು ನಿಂತಲ್ಲೇ ಎಲ್ಲ ಒಪ್ಪಿಸಿದರು. ಅವಳು ಕೈಯ ಮಣ್ಣು ಒರೆಸಿಕೊಂಡಳು.

"ಮರ್ತೇ ಹೋತಾ ಅಕ್ಕೋರೆ? ಛಲೋ ಆತು ಬಿಡಿ. ಆ ಹಾಡು ಈಗ ಹಂಗಿಲ್ಲ. ಇಷ್ಟು ವರ್ಷದಲ್ಲಿ ನಾ ಎಷ್ಟು ಬದ್ಲು ಮಾಡೀನೊ."

ಆಮೇಲೆ ನನ್ನ ಕಡೆ ನೋಡಿ, "ಇವ್ರು ಆಚೆ ಬದಿ ಬೆಂಡೆಕಾಯಿ ಕೊಯ್ಲಿ" ಎಂದಳು.

ನಾನು ಕೊಯ್ದೆ. ಅವಳ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಹಾಡು ಉದ್ದವಿತ್ತು. ಬುಟ್ಟಿ ತುಂಬಿದ ಮೇಲೂ ಮುಗಿಯದ್ದರಿಂದ ಬಲಿತ ಕಾಯಿಗಳನ್ನೂ ಕೊಯ್ದೆ. ದನಿ ನಿಂತ ಮೇಲೆ ಹೋಗಿ ನೋಡಿದರೆ, ಇಬ್ಬರೂ ಬದನೆ ಸಾಲಿನ ಮಧ್ಯೆ ಕೂತಿದ್ದರು. ಅಕ್ಕೋರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದ ನೋಟ್‌ಬುಕ್ಕಿನ ಪುಟ ಖಾಲಿಯಿತ್ತು.

"ಬರೆದುಕೊಳ್ಳಲಿಲ್ಲವಾ?" ಎಂದೆ.

"ಇಲ್ಲ," ಎಂದರು ಅಕ್ಕೋರು. "ಕೇಳಿದೆ."