ಗುಬ್ಬಿಗೆ ತೆನೆ ಹೆಣೆದ ಆಪಾ

ಅವರ ಬಲಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿಸಿಕೊಂಡು ದಪ್ಪಗಟ್ಟಿ, ಉಗುರು ಒಂದು ಪಕ್ಕಕ್ಕೆ ವಾಲಿತ್ತು. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಅರ್ಧಕ್ಕರ್ಧ ಹೆಂಗಸರ ರವಿಕೆಗಳು ಆ ಬೆರಳಿನಡಿ ಹಾದುಹೋದವು. ನಮ್ಮ ಬಾಡಿಗೆ ಮನೆಯ ಒಡತಿ ಅವರು. ಮಹಡಿಯಲ್ಲಿ ನಾವು, ಕೆಳಗೆ ಅವರು ಮತ್ತು ಅವರ ಹೊಲಿಗೆ ಯಂತ್ರ. ಎಲ್ಲರಂತೆ ನಾನೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ಅಳತೆ ಕೊಡುವಾಗ ಹೊಟ್ಟೆ ಒಳಕ್ಕೆಳೆದುಕೊಂಡವರಿಗೆ, "ಉಸಿರು ಬಿಡ್ರಿ, ರವಿಕೆ ನಿಮಗೆ ಹೊಲೀಬೇಕು, ಫೋಟೋಕ್ಕಲ್ಲ" ಎನ್ನುವುದು ಅವರ ರೂಢಿ.

ಒಂದು ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬಂದಾಗ ಮಾತು, ನಡಿಗೆ ಉಳಿದಿದ್ದವು. ಬಲಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡಿತ್ತು. ಹರಿಹರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಮಗ, ಯಂತ್ರ ಮಾರಿ ತನ್ನ ಜೊತೆ ಬಂದಿರು ಎಂದ. ಆಪಾ ಒಪ್ಪಲಿಲ್ಲ. ಕೈಗೆ ಬಲ ಬರಲೆಂದು ಆಸ್ಪತ್ರೆಯವರು ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನೂ ಬೇಸರದಿಂದ ಮೂಲೆಗೆಸೆದರು.

ಹೊತ್ತು ಹೋಗದೆ ಹಿತ್ತಿಲಿನ ಪೇರಲ ಗಿಡದ ಕೆಳಗೆ ತಟ್ಟೆಯಲ್ಲಿ ನವಣೆ ಹಾಕತೊಡಗಿದರು. ಗುಬ್ಬಿ ಬರಲಿ ಎಂಬ ಆಸೆ. ಬಂದದ್ದು ಪಾರಿವಾಳ. ಪಕ್ಕದ ಅಪಾರ್ಟ್‌ಮೆಂಟಿನಿಂದ ಹಿಂಡಾಗಿ ಇಳಿದು ತಟ್ಟೆ ಖಾಲಿ ಮಾಡುತ್ತಿದ್ದವು. ಗುಬ್ಬಿಗಳು ಕಾಂಪೌಂಡ್ ಮೇಲಿಂದಲೇ ನೋಡಿ ಹಾರಿಹೋಗುತ್ತಿದ್ದವು. ಆಗ ಆಪಾಗೆ ಮಲೆಬೆನ್ನೂರಿನ ಅಜ್ಜಿಯ ಮನೆ ನೆನಪಾಯಿತು. ಅಲ್ಲಿ ಸುಗ್ಗಿಯಲ್ಲಿ ಭತ್ತದ ತೆನೆಗಳನ್ನು ಜಡೆಯಂತೆ ಹೆಣೆದು ಬಾಗಿಲಿಗೆ ತೂಗುಹಾಕುತ್ತಿದ್ದರಂತೆ. ತೂಗುವ ತೆನೆಗೆ ಗುಬ್ಬಿ ಜೋತುಬಿದ್ದು ತಿನ್ನುತ್ತದೆ; ಪಾರಿವಾಳಕ್ಕೆ ಅದು ಆಗದು. ನಾನು ಮಲೆಬೆನ್ನೂರಿನ ಶಾಲೆಯಲ್ಲೇ ಟೀಚರ್. ಪರಿಚಯದ ರೈತರಿಂದ ಒಂದು ಕಟ್ಟು ತೆನೆ ಕೇಳಿ ಬಸ್ಸಿನಲ್ಲಿ ತಂದುಕೊಟ್ಟೆ.

ಹೆಣೆಯಲು ಎರಡು ಕೈ ಬೇಕು. ಎಡಗೈ ಎಳೆ ದಾಟಿಸುವಷ್ಟರಲ್ಲಿ ಬಲಗೈ ಹಿಡಿದದ್ದು ಜಾರುತ್ತಿತ್ತು. ನೋಡಲಾಗದೆ ನಾನು ತೆನೆಗೆ ಕೈ ಹಾಕಿದೆ. ಆಪಾ ತಲೆ ಎತ್ತದೆ ಹೇಳಿದರು: "ನೀವು ಹೆಣೆದ್ರೆ ಗುಬ್ಬಿ ಬರ್ತಾವ್ರಿ ಟೀಚರ್. ನನ್ನ ಕೈ ವಾಪಸ್ ಬರಂಗಿಲ್ಲ. ಬಿಡ್ರಿ."

ಬಿಟ್ಟೆ. ಮೊದಲ ಜಡೆ ತೂಗುಹಾಕಿದ ಮಧ್ಯಾಹ್ನವೇ ಬಿಚ್ಚಿ ನೆಲಕ್ಕೆ ಬಿತ್ತು, ಪಾರಿವಾಳಗಳ ಪಾಲಾಯಿತು. ಎರಡನೆಯದಕ್ಕೂ ಅದೇ ಗತಿ. ಆಪಾ ಇನ್ನೊಂದು ಕಟ್ಟು ತರಲು ಹೇಳಿದರು.

ಒಂದು ಭಾನುವಾರ ಮಗ ಬಂದ. ತಾಯಿ ತೆನೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಹೆಣೆಯುತ್ತಿದ್ದರು. ಅವನಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದಂತಿತ್ತು. ಉರ್ದುವಿನಲ್ಲಿ ಕೂಗಾಡಿದ. ಹಕ್ಕಿಗೋಸ್ಕರ ಇಷ್ಟು ನರಳುವುದೇಕೆ, ಇವತ್ತೇ ಹೊರಡು ಎಂದ. ಆಪಾ ಬಾಯಿಂದ ತೆನೆ ತೆಗೆದು, ಕೂತು ಈ ತುದಿ ಹಿಡಿ ಎಂದಷ್ಟೇ ಹೇಳಿದರು. ಅವನು ಮಧ್ಯಾಹ್ನದವರೆಗೆ ಹಿಡಿದುಕೊಂಡು ಕೂತ. ಮತ್ತೆಂದೂ ಹರಿಹರಕ್ಕೆ ಬಾ ಎಂದು ಕರೆಯಲಿಲ್ಲ.

ಚಳಿ ಕಳೆಯುವ ಹೊತ್ತಿಗೆ ಒಂದು ಜಡೆ ಬಿಚ್ಚದೆ ನಿಂತಿತು. ಮೂರನೆಯ ಬೆಳಿಗ್ಗೆ ಹೆಣ್ಣು ಗುಬ್ಬಿಯೊಂದು ತಲೆಕೆಳಗಾಗಿ ಜೋತುಬಿದ್ದು ಕಾಳು ಬಿಡಿಸಿತು. ಹಿಂದೆಯೇ ಇನ್ನೆರಡು ಬಂದವು. ನಾನು ಉಸಿರು ಹಿಡಿದು ಆಪಾ ಮುಖ ನೋಡಿದೆ. ಅವರು ಹಕ್ಕಿಯನ್ನಲ್ಲ, ಹೆಣಿಗೆಯನ್ನು ನೋಡುತ್ತಿದ್ದರು. "ಸೊಟ್ಟ ಆಗೈತೆ. ನಾಳೆ ಬಿಗಿ ಹಾಕ್ತೀನಿ" ಎಂದರು. ಕಣ್ಣು ಮಾತ್ರ ತುಂಬಿತ್ತು.

ಮುಂದಿನ ಯುಗಾದಿಗೆ ನನ್ನ ರವಿಕೆಗೆ ಅವರೇ ಹುಕ್ಕು ಹಾಕಿಕೊಟ್ಟರು. ಒಂದೊಂದಕ್ಕೂ ಬಹಳ ಹೊತ್ತು ಹಿಡಿಯಿತು.

ಹೋದ ಬೇಸಿಗೆಯಲ್ಲಿ ಆಪಾ ತೀರಿಕೊಂಡರು. ಅದೇ ಮಳೆಗಾಲದಲ್ಲಿ ಬಾತಿ ಊರಿನಲ್ಲಿರುವ ನನ್ನ ಅಪ್ಪ ಬಿದ್ದು ಬಲಭುಜ ಮುರಿದುಕೊಂಡರು. ಮೂಳೆ ಕೂಡಿದ ಮೇಲೂ ಕೈ ಎತ್ತಲು ಹೆದರುತ್ತಿದ್ದರು. ಮನೆಯವರೆಲ್ಲ ಸರದಿಯಲ್ಲಿ ಉಣಿಸುತ್ತಿದ್ದರು. ನನ್ನ ಸರದಿ ಬಂದ ದಿನ ತಟ್ಟೆಯನ್ನು ಅವರ ಮುಂದಿಟ್ಟು, ನನ್ನೆರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತೆ. ಅಮ್ಮ ನನ್ನನ್ನು ಕಲ್ಲೆದೆಯವಳು ಎಂದಳು. ಕೊನೆಗೆ ಅಪ್ಪ ತಾವೇ ತುತ್ತು ಎತ್ತಿದರು. ಅನ್ನ ಪಂಚೆಯ ಮೇಲೆ ಚೆಲ್ಲಿತು, ಸಾರು ಗದ್ದಕ್ಕೆ ಇಳಿಯಿತು. ಅಪ್ಪ ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಮತ್ತೊಂದು ತುತ್ತು ಕಲಸಿದರು.