ಕಿಟಕಿ ಬಡಿದದ್ದು ನಾನು

ಮಹದೇವಿ, ನಿಮ್ಮ ಬೆರಳು ಜಜ್ಜಿದ್ದು ಗಾಳಿಯಲ್ಲ, ನಾನು. ನಿಮ್ಮ ಕೈ ಚೌಕಟ್ಟಿನ ಮೇಲಿರುವುದನ್ನು ಕಂಡೂ — ಅಲ್ಲ, ಕಂಡೇ — ಆ ಕಬ್ಬಿಣದ ಕಿಟಕಿಯನ್ನು ಬಡಿದೆ. ಇದು ನಿಮಗೆ ಗೊತ್ತು. ಗೊತ್ತಿಲ್ಲದಿರುವುದು ಉಳಿದವರಿಗೆ.

ಆಗ ನಾನು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ನೀವು ಹೆಮ್ಮರಗಾಲದಿಂದ ಬಂದು ಸ್ವಿಚ್ಚುಗಳಿಗೆ ಸಣ್ಣ ಸ್ಕ್ರೂ ಕೂರಿಸುತ್ತಿದ್ದಿರಿ. ಅಂದು ನಿಮ್ಮನ್ನು ಒಮ್ಮೆಯೂ ‘ನೀವು’ ಎಂದವನಲ್ಲ. ಬನ್ನೂರಿನ ನಮ್ಮ ಮನೆಯಲ್ಲಿ ಆಳುಗಳನ್ನು ಹಾಗೆ ಕರೆಯುವ ರೂಢಿ ಇರಲಿಲ್ಲ. ಆ ಗತ್ತನ್ನು ನಾನು ಕಾರ್ಖಾನೆಗೂ ಹೊತ್ತು ತಂದಿದ್ದೆ.

ಹಳೆಯ ಶೆಡ್ಡಿಗೆ ಹೊಸದಾಗಿ ಏಸಿ ಹಾಕಿಸಿದ್ದರು. ಅದನ್ನು ಏರಿಸಿ ಇಳಿಸುವ ಪೆಟ್ಟಿಗೆ ಇದ್ದದ್ದು ನನ್ನ ಕೋಣೆಯ ಗೋಡೆಯಲ್ಲಿ. ಮಧ್ಯಾಹ್ನವಾದರೆ ಪಡುವಣ ಬಿಸಿಲು ನೇರ ಆ ಕೋಣೆಗೇ ನುಗ್ಗುತ್ತಿತ್ತು. ನಾನು ಬೆವರುತ್ತ ಇನ್ನಷ್ಟು ತಣ್ಣಗೆ ತಿರುಗಿಸುತ್ತಿದ್ದೆ. ಏಸಿಯ ಬಾಯಿಯ ಕೆಳಗೇ ಕೂತ ನೀವು ಸೆರಗು ಹೊದ್ದು ನಡುಗುತ್ತಿದ್ದಿರಿ. ಬೆರಳು ಮರಗಟ್ಟಿ ಸ್ಕ್ರೂ ಜಾರಿದಾಗ ಕಿಟಕಿ ತೆರೆದು ಹೊರಗಿನ ಬಿಸಿಗಾಳಿ ಬಿಟ್ಟುಕೊಳ್ಳುತ್ತಿದ್ದಿರಿ. ಬಿಸಿ ಒಳಬಂದಷ್ಟೂ ಏಸಿ ಇನ್ನೂ ಜೋರಾಗಿ ಓಡುತ್ತಿತ್ತು. ಒಂದೇ ಸೂರಿನ ಕೆಳಗೆ ನಾನು ತಂಪು ಮಾಡುವುದು, ನೀವು ಬಿಸಿ ಮಾಡುವುದು — ಕರೆಂಟು ಸುಮ್ಮನೆ ಸುಡುತ್ತಿತ್ತು.

ಕೊನೆಗೆ ನೀವು ಹೆಂಗಸರೇ ಒಗೆದು ಮಡಿಸಿದ ಹಳೆಯ ಸೀರೆಯೊಂದನ್ನು ತಂದು ನನ್ನ ಕೋಣೆಯ ಗಾಜಿಗೆ ಪರದೆ ಕಟ್ಟಿದಿರಿ. ಕೋಣೆ ತಂಪಾಯಿತು. ತಂಪಾದದ್ದು ನನಗೆ ಗೊತ್ತಾಯಿತು. ಆದರೂ — ಅದು ನಿಮ್ಮ ಸೀರೆ ಎಂದು ಯಾರೋ ಹೇಳಿದ ಕೂಡಲೇ ಮೈ ಉರಿಯಿತು. ನಿಮ್ಮ ಕೇರಿಯವರ ಸೀರೆ ನನ್ನ ತಲೆಯ ಹತ್ತಿರವೇ? ಎಲ್ಲರೆದುರು ಅದನ್ನು ಪರ್ರನೆ ಹರಿದು ಕಸದ ಡಬ್ಬಿಗೆ ತುರುಕಿದೆ. ಅದಾದ ಮಾರನೆಯ ದಿನವೇ ಕರೆಂಟಿನ ಖರ್ಚಿಗಾಗಿ ಮ್ಯಾನೇಜರು ನಿಮ್ಮೆಲ್ಲರ ಮುಂದೆ ನನ್ನ ಮುಖಕ್ಕೆ ಉಗಿದರು. ಅಲ್ಲಿಂದ ತಿರುಗಿದರೆ ಕಿಟಕಿ ತೆರೆದಿತ್ತು.

“ಯಾವಳೇ ಕಿಟ್ಕಿ ತೆಗ್ದೋಳು?”

“ಚಳಿ ಕಣ್ ಸಾ. ಬೆಳ್ಳೇ ಆಡ್ತಿಲ್ಲ,” ಎಂದಿರಿ.

ಬಡಿದೆ. ಕಿಟಕಿ ಪೂರ್ತಿ ಮುಚ್ಚಲಿಲ್ಲ. ಯಾಕೆ ಮುಚ್ಚುತ್ತಿಲ್ಲ ಎಂದು ತಿಳಿದೂ ಭುಜ ಕೊಟ್ಟು ಇನ್ನೊಮ್ಮೆ ತಳ್ಳಿದೆ. ಮೂಳೆ ಮುರಿದ ಸದ್ದು ಕೇಳಿಸಿತು. ಆ ಕ್ಷಣ ನನಗಾದದ್ದು ಭಯವಲ್ಲ, ಮಹದೇವಿ — ಸಮಾಧಾನ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಮ್ಯಾನೇಜರು ಓಡಿಬಂದರು. ರಕ್ತ ಸುರಿಯುವ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ನನ್ನನ್ನೇ ನೋಡುತ್ತ ನೀವು ಹೇಳಿದಿರಿ: “ಗಾಳಿ ಸಾ. ಗಾಳಿಗೆ ಬಡ್ಕಬುಡ್ತು.”

“ಹೌದು ಸಾರ್, ಗಾಳಿ,” ಎಂದೆ ನಾನು.

ಕೆಲಸ ಉಳಿಯಲೆಂದು ನೀವು ಆಡಿದ ಸುಳ್ಳು ಅದು. ಆ ಕೆಲಸವನ್ನೂ ನಾನು ಉಳಿಸಲಿಲ್ಲ. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದ ಮೇಲೆ, ಬೇರೆ ಏನಾದರೂ ಕೆಲಸ ಕೊಡೋಣವೇ ಎಂದು ಮ್ಯಾನೇಜರು ಕೇಳಿದರು. “ಅಜಾಗರೂಕ ಹೆಂಗಸು, ಬೇಡ ಸಾರ್” ಎಂದೆ. ನೀವು ಕಣ್ಣೆದುರು ಓಡಾಡುವುದು ನನಗೆ ಬೇಕಿರಲಿಲ್ಲ. ನೀವು ಹೋದ ಮೇಲೆ ಯಾರೂ ಕಿಟಕಿ ಮುಟ್ಟಲಿಲ್ಲ. ಏಸಿ ಮಾತ್ರ ಹಾಗೇ ಓಡುತ್ತಿತ್ತು. ಬಿಸಿಲು ಬೀಳುತ್ತಿದ್ದದ್ದು ನನ್ನ ಕೋಣೆಗೆ ತಾನೆ.

ಮೊನ್ನೆ ನನ್ನ ಹೆಂಡತಿಗೆ ಹೇಳಿದೆ. ಅವಳು ತಟ್ಟೆ ಮುಂದಿಟ್ಟು ಎದ್ದುಹೋದಳು. ಇನ್ನು ಹೆಮ್ಮರಗಾಲಕ್ಕೆ ಬರುತ್ತೇನೆ. ನಿಮ್ಮ ಬಾಗಿಲಲ್ಲಿ ನಿಂತು, ನಿಮ್ಮ ಮಕ್ಕಳೂ ಕೇರಿಯೂ ಕೇಳುವಂತೆ ಇದನ್ನೇ ಹೇಳುತ್ತೇನೆ. ಠಾಣೆಗೆ ನಡಿ ಎಂದರೆ ನಡೆಯುತ್ತೇನೆ. ಕ್ಷಮಿಸಿ ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ನೀವು “ಓಗ್ಲಿ ಬುಡಿ ಸಾ” ಎಂದುಬಿಡುತ್ತೀರಿ — ನನಗಾಗಿ ಇನ್ನೊಂದು ಸುಳ್ಳು ಹೇಳುತ್ತೀರಿ.