ಹೆಣ್ಣು ನೋಡಲು ಬಂದವರಿಗೆ ಹೇಳಿದ ಸುಳ್ಳು

ನನಗೆ ಮೊದಲಿನಿಂದಲೂ ಬಾಯಿ ಸ್ವಲ್ಪ ಮುಂದು. ಯಾರಾದರೂ ಏನಾದರೂ ಕೇಳಿ ಮನೆಯವರೆಲ್ಲ ಮುಖ ಮುಖ ನೋಡಿಕೊಂಡರೆ ಉತ್ತರ ಕೊಡುವವಳು ನಾನೇ. ಇದಕ್ಕಾಗಿ ಅಮ್ಮನಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಆ ದಿನ ಮಾತ್ರ ಅವಳು ಬೈಯಲಿಲ್ಲ. ಅಡುಗೆಮನೆಗೆ ಬಂದು ನನ್ನ ಕೈ ಹಿಡಿದು, "ಮರ್ಯಾದೆ ಉಳಿಸ್ದೆ ಕಣೇ" ಎಂದಳು.

ತರೀಕೆರೆಯ ನನ್ನ ತವರಿಗೆ ಅಂದು ತಂಗಿಯನ್ನು ನೋಡಲು ಸಿಂಗಟಗೆರೆಯಿಂದ ಬಂದಿದ್ದರು. ನಾನು ಅಜ್ಜಂಪುರದಿಂದ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಆಗ ನಾಲ್ಕು ವರ್ಷ. ಒಂದು ಮಾತೂ ಬಂದಿರಲಿಲ್ಲ, ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಬಂದವರು ಹೋಗುವ ತನಕ ಅವಳನ್ನು ಒಳಕೋಣೆಯಲ್ಲೇ ಇಟ್ಟುಕೊಂಡಿರು ಎಂದು ಅಮ್ಮ ಹೇಳಿದ್ದಳು. ಮುಖ ಊದಿಸಿಕೊಂಡೇ ಒಪ್ಪಿದ್ದೆ. ಉಪ್ಪಿಟ್ಟಿನ ತಟ್ಟೆ ಜೋಡಿಸಲು ನಾನು ಎದ್ದದ್ದೇ ತಡ, ಮಗಳು ನಡುಮನೆಗೆ ಓಡಿದಳು. ಹುಡುಗನ ಕಾಲ ಬಳಿ ಕೂತು ಸ್ಟೀಲ್ ಮುಚ್ಚಳವೊಂದನ್ನು ನೆಲದ ಮೇಲೆ ಗಿರಗಿರನೆ ತಿರುಗಿಸತೊಡಗಿದಳು. ಹುಡುಗನ ತಾಯಿ ಎರಡು ಸಲ ಮಾತಾಡಿಸಿ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ಮಗು ಯಾಕ್ ಹಿಂಗೈತೆ?" ಎಂದು ಕೇಳಿದರು.

ಅಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. ಕೇಳಿದ್ದು ನನ್ನ ಮಗಳ ಬಗ್ಗೆಯಾದರೂ ತೂಗುತ್ತಿದ್ದದ್ದು ತಂಗಿಯನ್ನು. ಅಕ್ಕನ ಮಗು ಹೀಗಿದ್ದರೆ ನಾಳೆ ತಂಗಿಗೆ ಹುಟ್ಟುವುದು ಹೇಗಿದ್ದೀತು?

ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಮಗಳಿಗೆ ಆಟಿಸಂ ಎಂದು ಹೇಳಿ ಆಗಲೇ ಆರು ತಿಂಗಳಾಗಿತ್ತು. ಅವತ್ತು ತಂಗಿ ನನ್ನ ಜೊತೆಗೇ ಇದ್ದಳು. ಲಸಿಕೆಯ ಇಂಜೆಕ್ಷನ್ನಿಂದ ಆಗಿರಬಹುದೇ ಎಂದು ನಾನು ಕೇಳಿದಾಗ ಡಾಕ್ಟರು ಸಿಡುಕಲಿಲ್ಲ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಮಗು ಹೊಟ್ಟೆಯಲ್ಲಿದ್ದಾಗಲೇ ಶುರುವಾಗಿರುತ್ತೆ. ನಮ್ಮ ಕಣ್ಣಿಗೆ ಬೀಳೋದು ಒಂದೂವರೆ ವರ್ಷದ ಹೊತ್ತಿಗೆ. ಇಂಜೆಕ್ಷನ್ ಹಾಕೋದೂ ಅದೇ ಹೊತ್ತಿಗೆ, ಅಷ್ಟೇ" ಎಂದು ಬಿಡಿಸಿ ಹೇಳಿದರು. ನನಗೆ ಚೆನ್ನಾಗಿಯೇ ಅರ್ಥವಾಗಿತ್ತು. ಅರ್ಥವಾಗದವರು ನಮ್ಮ ದೊಡ್ಡಪ್ಪ. ಕಾಯಿಲೆಯೇ ಇಲ್ಲ, ಡಾಕ್ಟರುಗಳು ಸುಮ್ಮನೆ ಹೆಸರಿಟ್ಟು ಹೆದರಿಸುತ್ತಾರೆ ಎಂದು ಬೆಳಿಗ್ಗೆ ಹೇಳುವರು. ಸಂಜೆ ಫೋನಿನಲ್ಲಿ ಯಾವುದೋ ವಿಡಿಯೋ ತೋರಿಸಿ, ನೋಡು, ಇಂಜೆಕ್ಷನ್ನಿಂದಲೇ ಬಂದದ್ದು ಎನ್ನುವರು. ಇಲ್ಲದ ಕಾಯಿಲೆ ಅದು ಹೇಗೆ ಬಂತು ದೊಡ್ಡಪ್ಪ ಎಂದು ನಾನು ಅವರನ್ನು ಗೇಲಿ ಮಾಡಿದ್ದೆ.

ಆ ದಿನ ಅದೇ ವಿಡಿಯೋದ ಮಾತು ನನ್ನ ಬಾಯಿಂದ ಬಂತು. "ಒಂದೂವರೆ ವರ್ಷದ ತನಕ ಚೆನ್ನಾಗ್ ಮಾತಾಡ್ತಿದ್ಲು ಕಣ್ರೀ. ಇಂಜೆಕ್ಷನ್ ಹಾಕ್ಸಿದ್ಮೇಲೆ ಹಿಂಗಾಗೋಯ್ತು."

ಹುಡುಗನ ತಾಯಿ ನನ್ನ ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಅತ್ತೇಬಿಟ್ಟರು. "ಹೂವಿನಂಥ ಮಗೀನ ಹಾಳ್ ಮಾಡ್ಬಿಟ್ರಲ್ಲ" ಎಂದರು. ಆಕೆ ಕೆಟ್ಟವರಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ಆದದ್ದು ಆಕೆಯ ಒಳ್ಳೆಯತನದಿಂದಲೇ. ಅವತ್ತೇ ಒಪ್ಪಿಗೆಯಾಯಿತು, ಎರಡು ತಿಂಗಳಲ್ಲಿ ಮದುವೆಯೂ ಮುಗಿಯಿತು.

ತಂಗಿಯ ಬಾಣಂತನ ತರೀಕೆರೆಯಲ್ಲಿ ಆಯಿತು. ಹುಟ್ಟಿದಾಗ ಆಸ್ಪತ್ರೆಯಲ್ಲಿ ಹಾಕಿದ್ದು ಬಿಟ್ಟರೆ ಮಗುವಿಗೆ ಮತ್ತೆ ಒಂದೂ ಇಂಜೆಕ್ಷನ್ ಆಗಲಿಲ್ಲ. ಒಂದೂವರೆ ತಿಂಗಳಿಗೆ ಹಾಕಿಸಬೇಕೆನ್ನುವಾಗ ಅವಳ ಅತ್ತೆ ಫೋನ್ ಮಾಡಿ, "ಬ್ಯಾಡ ಕಣವ್ವ, ನಿಮ್ಮಕ್ಕನ ಮಗೀಗ್ ಆಗಿದ್ದೇ ಸಾಕು" ಎಂದರು. ಅಮ್ಮ ಲಸಿಕೆಯ ಕಾರ್ಡನ್ನು ಬೀರುವಿನೊಳಗೆ ಇಟ್ಟಳು. ನಾನೂ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡೆ. ಮಗು ಸಿಂಗಟಗೆರೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆ ತಿಂಗಳು ತಿಂಗಳೂ ಬಂದರು. ಮನೆಯವರು ಅವರಿಗೆ ಒಂದು ಸಲ ಮಗುವಿಗೆ ಜ್ವರವೆಂದರು, ಇನ್ನೊಂದು ಸಲ ಮಗು ಅಜ್ಜಿ ಮನೆಗೆ ಹೋಗಿದೆ ಎಂದರು. ಒಂಬತ್ತು ತಿಂಗಳು ತುಂಬಿದ ವಾರದಲ್ಲಿ ತಂಗಿಯೇ ನನಗೆ ಫೋನ್ ಮಾಡಿದಳು. ಪಕ್ಕದ ಬೀದಿಯ ಮಗುವಿಗೆ ದಡಾರ ಬಂದು, ಉಸಿರಾಡಲು ಆಗದೆ ಆಸ್ಪತ್ರೆಗೆ ಸೇರಿಸಿದ್ದಾರಂತೆ. ಊರ ಸುದ್ದಿ ಹೇಳುವ ಹಾಗೆ ಹೇಳಿದಳು, ಆದರೆ ಫೋನ್ ಇಡದೆ ಅದನ್ನೇ ಮತ್ತೆ ಮತ್ತೆ ಹೇಳಿದಳು.

ಮರುದಿನವೇ ಮಗಳನ್ನು ಕರೆದುಕೊಂಡು ಬಸ್ ಹತ್ತಿದೆ. ಬೀರೂರಿನಲ್ಲಿ ಒಂದು ಬಸ್ ಬದಲಿಸಿ, ಕಡೂರಿನಲ್ಲಿ ಇನ್ನೊಂದು ಬದಲಿಸಿ ಸಿಂಗಟಗೆರೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ದಾರಿಯುದ್ದಕ್ಕೂ ಆಡಬೇಕಾದ ಮಾತು ಜೋಡಿಸಿಕೊಂಡಿದ್ದೆ. ಮೋಸ ಮಾಡಿ ಹೆಣ್ಣು ಕೊಟ್ಟರು ಎನ್ನುತ್ತಾರೆ, ಅನ್ನಲಿ. ನನ್ನ ಮುಖ ನೋಡಬೇಡ ಎಂದರೂ ಎನ್ನಲಿ.

ತಂಗಿಯ ಅತ್ತೆ ಕಾಫಿ ಕೊಟ್ಟರು. ಲೋಟ ಕೈಯಲ್ಲಿ ಹಿಡಿದೇ ಹೇಳಿಬಿಟ್ಟೆ. "ಅತ್ತೆ, ಅವತ್ತು ನಾನ್ ಹೇಳಿದ್ ಸುಳ್ಳು. ಇವ್ಳು ಯಾವತ್ತೂ ಮಾತಾಡ್ಲೇ ಇಲ್ಲ. ಮೊದ್ಲಿಂದ್ಲೂ ಹಿಂಗೇ. ಇಂಜೆಕ್ಷನ್ನಿಂದ ಏನೂ ಆಗಿಲ್ಲ. ನಿಮ್ ಕಾಲಿಗ್ ಬೀಳ್ತೀನಿ, ಮಗೀಗ್ ಹಾಕ್ಸಿಬಿಡಿ."

ಅವರು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ತಂಗಿಯ ಕಡೆ ತಿರುಗಿದರು. "ಹೌದೇನವ್ವ?"

ತಂಗಿಗೆ ಎಲ್ಲ ಗೊತ್ತಿತ್ತು. ಡಾಕ್ಟರ ಮಾತನ್ನು ನನ್ನ ಪಕ್ಕದಲ್ಲೇ ಕೂತು ಕೇಳಿದ್ದಳು. ಹೌದು ಎಂದರೆ ಆ ಮನೆಯಲ್ಲಿ ತನ್ನ ಗತಿ ಏನು ಎಂಬುದೂ ಗೊತ್ತಿತ್ತು. ಮಗುವಿನ ಟೊಪ್ಪಿಗೆಯ ದಾರ ಬಿಚ್ಚಿ ಮತ್ತೆ ಕಟ್ಟಿದಳು. "ಇಲ್ಲ ಅತ್ತೆ. ಅಕ್ಕಂಗ್ ಯಾರೋ ತಲೆ ಕೆಡ್ಸವ್ರೆ. ನಾನೇ ಕೇಳಿದೀನಲ್ಲ, ಇವ್ಳು ನನ್ನ ಚಿಕ್ಕಿ ಅಂತಿದ್ಲು. ಚಿಕ್ಕಿ, ಎತ್ಕೋ ಅಂತಿದ್ಲು" ಎಂದಳು.

ಅದು ಸುಳ್ಳು ಎಂದು ನಾನು ಕೂಗಬೇಕಿತ್ತು. ನನ್ನ ಮಗಳು ಯಾರನ್ನೂ ಕರೆದವಳಲ್ಲ, ನನ್ನನ್ನು ಅಮ್ಮ ಎಂದವಳಲ್ಲ. ಅದು ನನಗಲ್ಲದೆ ಇನ್ಯಾರಿಗೆ ಗೊತ್ತು? ಆದರೆ ತಂಗಿ ಹಾಗೆಂದ ಕೂಡಲೇ, ಇನ್ನೊಂದು ಸಲ ಹೇಳೇ, ಹೇಗೆ ಕರೀತಿದ್ಲು, ದನಿ ಹೇಗಿತ್ತು ಎಂದು ಕೇಳುವ ಆಸೆ ಎದೆ ತುಂಬ ಎದ್ದುಬಂತು. ಆ ಆಸೆಯಲ್ಲಿ ಒಂದು ಗಳಿಗೆ ಸುಮ್ಮನಿದ್ದೆ. ಅತ್ತೆ ಬಂದು ನನ್ನ ಬೆನ್ನು ಸವರಿ, "ಸಂಕಟಕ್ಕೆ ಏನೇನೋ ಅನ್ಸುತ್ತೆ ಕಣವ್ವ" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ತಂಗಿಯ ಮಗುವಿಗೆ ಇವತ್ತಿಗೂ ಇಂಜೆಕ್ಷನ್ ಹಾಕಿಸಿಲ್ಲ.